ಖಾಲಿ ಪುಸ್ತಕಕ್ಕೊಂದು ಗಾಯ

ಗುಮಾಸ್ತರ ಕಷ್ಟವೇನೆಂದರೆ ಅವರ ಕಚೇರಿಯಲ್ಲಿ ಯಾರಿಗೂ ಗಾಯವಾಗುತ್ತಿರಲಿಲ್ಲ.

ಆಗಲು ಬೇಕಾದ ಅನುಕೂಲಗಳೆಲ್ಲ ಇದ್ದವು. ಅದು ಹಳೆಯ ನಕಾಶೆಗಳನ್ನು ಕಾಪಾಡುವ ಕಚೇರಿ. ನಕಾಶೆಯ ಅಂಚು ಕತ್ತರಿಸಲು ಮೊಳದುದ್ದದ ಚೂರಿ, ಬಟ್ಟೆಗೆ ಸೇರಿಸಿ ಹೊಲಿಯಲು ದಬ್ಬಣ, ಸುತ್ತಿಡಲು ತಗಡಿನ ಕೊಳವೆಗಳು, ತುಕ್ಕು ಹಿಡಿದ ಕಪಾಟುಗಳು, ಮೊಳೆ ಎದ್ದ ಕುರ್ಚಿಗಳು, ಹೀಗೆ ಮನುಷ್ಯನ ಚರ್ಮಕ್ಕೆ ಆಗದ ವಸ್ತುಗಳೇ ಅಲ್ಲಿ ತುಂಬಿದ್ದವು. ಮನುಷ್ಯರೂ ಇಪ್ಪತ್ತೆರಡು ಮಂದಿ ಇದ್ದರು. ಇಪ್ಪತ್ತೆರಡು ಮಂದಿಯ ಕೈಗಳಿಗೆ ಇನ್ನೂರ ಇಪ್ಪತ್ತು ಬೆರಳು. ಎರಡು ವರ್ಷದಲ್ಲಿ ಅದರಲ್ಲಿ ಒಂದಾದರೂ ಗುಮಾಸ್ತರ ಬಾಗಿಲಿಗೆ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು: ಪ್ರತಿ ಕಚೇರಿಯಿಂದ ಒಬ್ಬರನ್ನು ಪ್ರಥಮ ಚಿಕಿತ್ಸೆಯ ತರಬೇತಿಗೆ ಒಂದು ದಿನದ ಮಟ್ಟಿಗೆ ಕಳಿಸತಕ್ಕದ್ದು. ಯಾರು ಇಲ್ಲದಿದ್ದರೆ ಕಚೇರಿಗೆ ಏನೂ ಆಗುವುದಿಲ್ಲ ಎಂದು ಮ್ಯಾನೇಜರು ಯೋಚಿಸಿ ನೋಡಿದರು. ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ. ಗುಮಾಸ್ತರು ಹೋದರು. ಸಂಜೆ ಬರುವಾಗ ಒಂದು ಪ್ರಮಾಣಪತ್ರ, ಬೀಗವಿದ್ದ ಒಂದು ಬಿಳಿ ಪೆಟ್ಟಿಗೆ, ದಪ್ಪನೆಯ ಒಂದು ನೋಂದಣಿ ಪುಸ್ತಕ ಮತ್ತು ಹೊಸದೊಂದು ನಡಿಗೆ ತಂದರು. ನಿಯಮದ ಪ್ರಕಾರ ಪೆಟ್ಟಿಗೆಗೆ ಒಂದು ಕೋಣೆ ಕೊಡಬೇಕಿತ್ತು. ಕೋಣೆಯಲ್ಲಿ ಒಂದು ಮಂಚ, ಒಂದು ನಲ್ಲಿ, ಒಂದು ಕಿಟಕಿ ಇರಬೇಕಿತ್ತು. ಹತ್ತೊಂಬತ್ತು ವರ್ಷ ಎರಡು ಕಪಾಟಿನ ಸಂದಿಯಲ್ಲಿ, ತಾವು ಕೆಲಸಕ್ಕೆ ಸೇರಿದ ವರ್ಷವೇ ನಿಂತುಹೋಗಿದ್ದ ಫ್ಯಾನಿನ ಕೆಳಗೆ ಕೂತಿದ್ದ ಗುಮಾಸ್ತರಿಗೆ ಹೀಗೆ ಒಂದೇ ದಿನದಲ್ಲಿ ಕಿಟಕಿ ಸಿಕ್ಕಿತು. ಮಧ್ಯಾಹ್ನ ಊಟವಾದ ಮೇಲೆ ಅವರು ಮಂಚದ ಮೇಲೆ ಮಲಗಿ, ರೋಗಿ ಬಂದರೆ ಮಂಚ ಹೇಗಿರುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಪರೀಕ್ಷೆ ಮೂರು ಗಂಟೆಗೆ ಮುಗಿಯುತ್ತಿತ್ತು.

ಕಚೇರಿಯವರು ಅವರಿಗೆ ‘ಅರೆಡಾಕ್ಟ್ರು’ ಎಂದು ಹೆಸರಿಟ್ಟರು. ಅದು ಗೇಲಿ ಎಂದು ಎಲ್ಲರಿಗೂ ಗೊತ್ತಿತ್ತು, ಗುಮಾಸ್ತರೊಬ್ಬರನ್ನು ಬಿಟ್ಟು.

ಮನೆಯಲ್ಲಂತೂ ವಿಷಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. “ಇವತ್ತು ಎಷ್ಟು ಜನ ಬಂದಿದ್ರು?” ಎಂದು ಹೆಂಡತಿ ಮೊದಲ ದಿನ ಸುಮ್ಮನೆ ಕೇಳಿದ್ದಳು. “ಮೂರು-ನಾಲ್ಕು ಕೇಸು” ಎಂದಿದ್ದರು ಗುಮಾಸ್ತರು. ಒಮ್ಮೆ ಹೇಳಿದ ಮೇಲೆ ಕಡಿಮೆ ಮಾಡುವುದು ಹೇಗೆ? ಎರಡು ವರ್ಷ ದಿನಾ ಮೂರು-ನಾಲ್ಕು ಕೇಸು ನಡೆಯಿತು. ಹೆಂಡತಿಯ ಲೆಕ್ಕದಲ್ಲಿ ಆ ಕಚೇರಿಯಲ್ಲಿ ಇಷ್ಟು ಹೊತ್ತಿಗೆ ಪೂರ್ತಿ ಬೆರಳಿರುವವರು ಯಾರೂ ಉಳಿದಿರಲಿಕ್ಕಿಲ್ಲ.

ಹೀಗಿರುವಾಗ ಮಂಗಳವಾರ ಮ್ಯಾನೇಜರು ಕರೆದರು.

“ಶುಕ್ರವಾರ ತಪಾಸಣೆಗೆ ಬರ್ತಾರೆ. ನಿಮ್ಮ ಪುಸ್ತಕ ನೋಡ್ತಾರಂತೆ. ಎಷ್ಟು ಜನರ ಹೆಸರಿದೆ?”

“ಪುಸ್ತಕ ಶುಚಿಯಾಗಿದೆ ಸಾರ್.”

“ಖಾಲಿ ಅನ್ನಿ. ಹೊಸ ಜೆರಾಕ್ಸ್ ಮಿಷನ್ ಬಂದಿದೆ. ಅದಕ್ಕೆ ಗಾಳಿ ಬೇಕಂತೆ. ಕಿಟಕಿ ಇರೋ ಕೋಣೆ ಒಂದೇ ಇರೋದು.”

“ಸಾರ್, ಗಾಳಿ ನನಗೂ...”

“ನಿಮಗೆ ಕೆಲಸ ಇದ್ರೆ ನಿಮಗೂ ಬೇಕು. ಇಲ್ದೇ ಇದ್ರೆ ಮಿಷನ್ನಿಗೆ ಬೇಕು. ಅದು ಕೆಲಸ ಮಾಡುತ್ತೆ.”

ಸುಳ್ಳು ಹೆಸರು ಬರೆದುಬಿಡಬಹುದಿತ್ತು. ಆದರೆ ಪುಸ್ತಕದ ಕೊನೆಯ ಕಾಲಮಿನಲ್ಲಿ ಗಾಯಾಳುವಿನ ಸಹಿ ಬೇಕಿತ್ತು. ಮೇಲಾಗಿ ಗುಮಾಸ್ತರು ಸುಳ್ಳನ್ನು ಬಾಯಲ್ಲಿ ಹೇಳಬಲ್ಲವರೇ ಹೊರತು ಕಾಗದದ ಮೇಲೆ ಬರೆಯುವಷ್ಟು ಗಟ್ಟಿ ಎದೆಯವರಲ್ಲ.

ಬುಧವಾರ ಅವರು ಪೆಟ್ಟಿಗೆ ಹಿಡಿದು ರೋಗಿಯನ್ನು ಹುಡುಕಿಕೊಂಡು ಹೊರಟರು. ಮೊದಲು ಹೋದದ್ದು ನಕಾಶೆ ಕತ್ತರಿಸುವ ಬೈಂಡರನ ಹತ್ತಿರ. ಮುದುಕ ಚೂರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬೆಳಕಿಗೆ ಅದರ ಬಾಯಿ ನೋಡುತ್ತಿದ್ದ.

“ಚೂರಿಗೆ ಸಾಣೆ ಹಿಡಿಸಿದ್ಯಂತೆ?”

“ನಿನ್ನೆ ಹಿಡಿಸ್ದೆ.”

“ಜೋಪಾನಪ್ಪಾ. ಕೈ ಜಾರೋದು ಎಷ್ಟೊತ್ತು! ಜಾರಿದ್ರೆ ನಾನು ಇಲ್ಲೇ ಇರ್ತೀನಿ.”

ಬೈಂಡರ್ ಚೂರಿ ಕೆಳಗಿಟ್ಟ. “ಮೂವತ್ತೊಂದು ವರ್ಷ ಆಯ್ತು ಸ್ವಾಮಿ ಈ ಚೂರಿ ಹಿಡಿದು. ಒಂದು ಗೀರಿಲ್ಲ. ನನ್ನ ಕೈ ಜಾರುತ್ತೆ ಅಂತ ಇವತ್ತು ನೀವೊಬ್ರು ಅಂದ್ರಿ.” ಆ ದಿನವಿಡೀ ಅವನು ಗುಮಾಸ್ತರ ಮುಖ ನೋಡಲಿಲ್ಲ. ಚೂರಿಯನ್ನು ಮಾತ್ರ ಇನ್ನಷ್ಟು ಜೋಪಾನವಾಗಿ ಹಿಡಿದ.

ನಾಲ್ಕು ಗಂಟೆಗೆ ಟೈಪಿಸ್ಟಮ್ಮನ ಮೇಜಿನಿಂದ “ಸ್ಸ್” ಎಂಬ ಸದ್ದು ಕೇಳಿಸಿತು. ಹಾಳೆಯ ಅಂಚು ಬೆರಳು ಸೀಳಿತ್ತು. ಗುಮಾಸ್ತರು ಓಡಿದರು. ಬೀಗದ ಕೈ ಮರೆತು ಹಿಂದಕ್ಕೆ ಓಡಿದರು. ಮತ್ತೆ ಓಡಿ ಬರುವಷ್ಟರಲ್ಲಿ ಆಕೆ ಬೆರಳನ್ನು ಬಾಯಲ್ಲಿಟ್ಟು ಚೀಪಿ, ಸೆರಗಿಗೆ ಒರೆಸಿ, ಎರಡು ಸಾಲು ಟೈಪು ಮಾಡಿಯೂ ಆಗಿತ್ತು.

“ತೋರ್ಸಿ ತಾಯಿ, ಒಂದೇ ಸಲ.”

“ಏನ್ ತೋರ್ಸ್ಲಿ? ಯಾವ ಬೆರಳು ಅಂತ ನಂಗೇ ಮರೆತುಹೋಯ್ತು.”

ಗುರುವಾರ ಸಂಜೆ ಗುಮಾಸ್ತರು ಸಪ್ಪೆ ಮೋರೆ ಹಾಕಿಕೊಂಡು ಮನೆಯ ಅಡಿಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬ ತೆಗೆಯುತ್ತಿದ್ದರು. ತಗಡಿನ ಮುಚ್ಚಳ ಬಿಗಿಯಾಗಿತ್ತು. ಎಳೆದರು. ಮುಚ್ಚಳ ಬಂತು, ಬರುವಾಗ ಎಡಗೈ ಹೆಬ್ಬೆರಳನ್ನು ಒಂದಿಷ್ಟು ಸವರಿಕೊಂಡೇ ಬಂತು. ಒಂದು ಹನಿ ರಕ್ತ ಮೂಡಿತು. ಅದರ ಹಿಂದೆ ಇನ್ನೊಂದು.

ಗುಮಾಸ್ತರ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಇದಕ್ಕೆ ಕಾರಣವಿತ್ತು. ನಿಯಮಾವಳಿಯ ಏಳನೆಯ ಕಲಮು ಅವರಿಗೆ ಬಾಯಿಪಾಠ: ‘ಹೊರಗೆ ಗಾಯಗೊಂಡು, ಯಾವುದೇ ಚಿಕಿತ್ಸೆ ಪಡೆಯದೆ ಕಚೇರಿಗೆ ಬಂದ ಸಿಬ್ಬಂದಿಯನ್ನೂ ಗಾಯಾಳುವೆಂದು ನೋಂದಾಯಿಸತಕ್ಕದ್ದು.’ ತಮಗೆ ತಾವೇ ಚಿಕಿತ್ಸೆ ಕೊಟ್ಟುಕೊಳ್ಳಬಾರದು ಎಂದು ಯಾವ ಕಲಮೂ ಹೇಳಿರಲಿಲ್ಲ. ಬೇಕಾದದ್ದು ಇಷ್ಟೆ: ಬೆಳಗಿನ ಹತ್ತು ಗಂಟೆಯವರೆಗೆ ಈ ಗಾಯವನ್ನು ಯಾರೂ ಮುಟ್ಟಬಾರದು.

ಹೆಂಡತಿ ಆಗಲೇ ಚೊಂಬಿನಲ್ಲಿ ನೀರು ಹಿಡಿದು ಬಂದಿದ್ದಳು. “ಇಲ್ಲಿ ಕೊಡಿ ಕೈನ, ತೊಳೀತೀನಿ.”

“ನೀರು ಬೇಡ!” ಎಂದು ಗುಮಾಸ್ತರು ಕಿರುಚಿದರು.

“ರಕ್ತ ಬರ್ತಿದೆಯಲ್ರೀ!”

“ಬರ್ಲಿ! ದೂರ ಇಡು ಆ ನೀರನ್ನ! ನನ್ನ ಹತ್ರ ತರ್ಬೇಡ!”

ಹೆಂಡತಿ ಒಂದು ಹೆಜ್ಜೆ ಮುಂದಿಟ್ಟಳು. ಗುಮಾಸ್ತರು ಮೂರು ಹೆಜ್ಜೆ ಹಿಂದಿಟ್ಟು ಬಾಲ್ಕನಿ ಸೇರಿ, ಒಳಗಿನಿಂದ ಬರುವ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ದಿನಕ್ಕೆ ನಾಲ್ಕು ಕೇಸು ನೋಡುವ ಮನುಷ್ಯ ಎರಡು ಹನಿ ರಕ್ತಕ್ಕೆ ಹೀಗೇಕೆ ಆಡುತ್ತಾರೆ ಎಂದು ಆಕೆಗೆ ಅರ್ಥವಾಗಲಿಲ್ಲ. ಹೇಳೋಣವೆಂದರೆ ಗುಮಾಸ್ತರಿಗೂ ಬಾಯಿಲ್ಲ. ಈ ಒಂದು ಗಾಯ ಏಕೆ ಬೇಕು ಎಂದು ಹೇಳಬೇಕಾದರೆ ಹಿಂದಿನ ಎರಡು ಸಾವಿರ ಗಾಯಗಳ ವಿಷಯವನ್ನೂ ಹೇಳಬೇಕಾಗುತ್ತಿತ್ತು.

ಆಕೆ ಕೆಳಗಿನ ಮನೆಯ ನರ್ಸಮ್ಮನನ್ನು ಕರೆದಳು. ನರ್ಸಮ್ಮ ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಕಟ್ಟಡದಲ್ಲಿ ಯಾರು ಕೆಮ್ಮಿದರೂ ಅದರ ತೇವ ಎಷ್ಟು ಎಂದು ಗೋಡೆಯಾಚೆಯಿಂದಲೇ ಹೇಳಬಲ್ಲವರು.

“ಏನೂ ಇಲ್ಲ ಬಿಡಮ್ಮ. ಸಣ್ಣ ಗಾಯ ತಾನೆ? ಹರಿಯೋ ನೀರಲ್ಲಿ ಸೋಪು ಹಚ್ಚಿ ತೊಳಿ, ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಅದುಮು, ಕೈ ಎತ್ತಿ ಹಿಡಿ, ಪಟ್ಟಿ ಕಟ್ಟು. ಮುಗೀತು.”

“ತೊಳೆಯೋಕೇ ಬಿಡ್ತಿಲ್ಲ ನರ್ಸಮ್ಮಾ. ನೀರು ಕಂಡ್ರೆ ಓಡ್ತಾರೆ.”

ನರ್ಸಮ್ಮ ಮೆಟ್ಟಿಲಿನ ಮೇಲೆ ನಿಂತುಬಿಟ್ಟರು. “ಏನಂದೆ?”

“ಚೊಂಬು ನೋಡಿ ಕಿರುಚಿದ್ರು.”

“ಎಷ್ಟು ದಿನದಿಂದ ಸಪ್ಪಗಿದ್ದಾರೆ?”

“ಮಂಗಳವಾರದಿಂದ. ಊಟ ಸರಿಯಾಗಿ ಮಾಡ್ತಿಲ್ಲ. ಒಬ್ರೇ ಗೊಣಗ್ತಾರೆ.”

ನರ್ಸಮ್ಮ ಕೆಳಗಿನ ಅಂಗಳದತ್ತ ನೋಡಿದರು. ಅಲ್ಲಿ ಅದೇ ಕಟ್ಟಡದ ವಕೀಲರ ನಾಯಿ ಮಲಗಿತ್ತು. ಹನ್ನೊಂದು ವರ್ಷದ ಮುದಿ, ದಪ್ಪ ನಾಯಿ. ಎದ್ದು ನಿಲ್ಲಬೇಕಾದರೂ ಎರಡು ಸಲ ಯೋಚಿಸುವಂಥದ್ದು. “ಸೋಮವಾರ ಬೆಳಿಗ್ಗೆ ನಿನ್ನ ಗಂಡ ಅದರ ಬಾಯಿಂದ ಏನೋ ಎಳ್ಕೊಳ್ತಿದ್ದದ್ದನ್ನ ನಾನು ನೋಡಿದೀನಿ” ಎಂದರು. ನಿಜವಾಗಿ ನಾಯಿ ಗುಮಾಸ್ತರ ಚಪ್ಪಲಿಯ ಮೇಲೆ ಗಲ್ಲವಿಟ್ಟು ಮಲಗಿತ್ತು, ಗುಮಾಸ್ತರು ಬಗ್ಗಿ ಚಪ್ಪಲಿ ಎಳೆದುಕೊಂಡಿದ್ದರು. ಆದರೆ ಮೇಲಿನಿಂದ ನೋಡಿದವರಿಗೆ ಚಪ್ಪಲಿ ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಗುತ್ತದೆ ಎಂದು ಹೇಗೆ ಗೊತ್ತಾಗಬೇಕು?

ವಕೀಲರನ್ನು ಕರೆಸಿದರು. ಅವರು ಕರಿ ಕೋಟನ್ನು ತೆಗೆಯದೆಯೇ ಬಂದರು.

“ಆರೋಪ ಏನು?” ಎಂದರು.

“ನಿಮ್ಮ ನಾಯಿ ಗುಮಾಸ್ತ್ರನ್ನ ಕಚ್ಚಿದೆ.”

“ಸಾಕ್ಷಿ?”

“ನಾನು.”

“ಕಚ್ಚಿದ್ದನ್ನ ನೋಡಿದ್ರೋ, ಕಚ್ಚಿದ ಹಾಗೆ ಕಂಡದ್ದನ್ನ ನೋಡಿದ್ರೋ? ಹನ್ನೊಂದು ವರ್ಷದಲ್ಲಿ ನನ್ನ ಕಕ್ಷಿದಾರನ ಮೇಲೆ ಒಂದೇ ಒಂದು ದೂರಿಲ್ಲ. ಅವನ ಬಾಯಲ್ಲಿ ಮೂರೇ ಹಲ್ಲಿವೆ. ಚುಚ್ಚುಮದ್ದಿನ ಚೀಟಿ ಬೇಕಿದ್ರೆ ಹಾಜರು ಮಾಡ್ತೀನಿ.”

“ಈ ವರ್ಷದ್ದಾ?”

ವಕೀಲರು ಕೋಟಿನ ಗುಂಡಿ ಹಾಕಿಕೊಂಡರು. “ಆ ದಾಖಲೆ ಹುಡುಕಲು ಕಾಲಾವಕಾಶ ಬೇಕು.”

“ವಾದ ಆಮೇಲೆ ಮಾಡಿ, ಈಗ ಕಾಲು ಹಿಡ್ಕೊಳ್ಳಿ” ಎಂದರು ನರ್ಸಮ್ಮ.

ವಕೀಲರು ಗುಮಾಸ್ತರ ಕಾಲು ಹಿಡಿದರು. ಹೆಂಡತಿ ಭುಜ ಹಿಡಿದಳು. ನರ್ಸಮ್ಮ ಹೆಬ್ಬೆರಳು ಹಿಡಿದರು. “ತೊಳೀಬೇಡಿ! ನಾಳೆ ಹತ್ತು ಗಂಟೆ ತನಕ ತೊಳೀಬೇಡಿ! ಕೈ ಮುಗೀತೀನಿ!” ಎಂದು ಗುಮಾಸ್ತರು ಅಂಗಲಾಚಿದರು. ಮುಗಿಯಲು ಕೈ ಬಿಡುವವರಿರಲಿಲ್ಲ. “ಪಾಪ, ಬುದ್ಧಿ ಸ್ವಾಧೀನದಲ್ಲಿಲ್ಲ” ಎಂದ ವಕೀಲರು, “ಆದರೆ ಅದಕ್ಕೂ ನನ್ನ ಕಕ್ಷಿದಾರನಿಗೂ ಸಂಬಂಧವಿಲ್ಲ” ಎಂದೂ ಸೇರಿಸಿದರು. ನಲ್ಲಿಯ ಕೆಳಗೆ ಹೆಬ್ಬೆರಳನ್ನು ಸೋಪು ಹಚ್ಚಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆದರು. ಹತ್ತು ನಿಮಿಷ ಅದುಮಿದರು. ಪಟ್ಟಿ ಕಟ್ಟಿದರು. ಮೂವತ್ತನಾಲ್ಕು ವರ್ಷದ ಅನುಭವದಲ್ಲಿ ಅಷ್ಟು ಚಿಕ್ಕ ಗಾಯಕ್ಕೆ ಅಷ್ಟು ಚೆನ್ನಾದ ಚಿಕಿತ್ಸೆಯನ್ನು ನರ್ಸಮ್ಮ ಕೊಟ್ಟಿರಲಿಲ್ಲ.

“ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆ. ಹುಚ್ಚುನಾಯಿ ಸೂಜಿ” ಎಂದು ಆಜ್ಞೆ ಮಾಡಿ ಇಳಿದು ಹೋದರು.

ಬೆಳಿಗ್ಗೆ ಎಂಟೂವರೆಗೆ ಗುಮಾಸ್ತರು ಚಪ್ಪಲಿ ಕೈಯಲ್ಲಿ ಹಿಡಿದು, ಮಲಗಿದ್ದ ನಾಯಿಯನ್ನು ದಾಟಿ, ಕಚೇರಿಗೆ ಪಾರಾದರು. ಕೋಣೆಯ ಬಾಗಿಲು ಹಾಕಿಕೊಂಡು ಪಟ್ಟಿ ಬಿಚ್ಚಿದರು. ಹೆಬ್ಬೆರಳಿನ ಮೇಲೆ ಕೂದಲೆಳೆಯಷ್ಟು ತೆಳ್ಳನೆಯ ಒಂದು ಗೆರೆ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಅದೂ ಇರಲಿಲ್ಲ. ಅನುಮಾನ ಬಂದು ಬಲಗೈ ಹೆಬ್ಬೆರಳನ್ನೂ ನೋಡಿದರು.

ಹನ್ನೊಂದಕ್ಕೆ ತಪಾಸಣೆ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ತೋಳು, ಶಾಯಿ ಪೆನ್ನು, ಯಾರ ಮಾತಿಗೂ ಅಲ್ಲಾಡದ ಮುಖ. ಹಿಂದೆ ಮ್ಯಾನೇಜರು. ಅವರ ಹಿಂದೆ, ಬಾಗಿಲ ಹೊರಗೆ, ಚಕ್ರದ ಗಾಡಿಯ ಮೇಲೆ ಜೆರಾಕ್ಸ್ ಮಿಷನ್ನು.

“ಪುಸ್ತಕ.”

ಗುಮಾಸ್ತರು ಕೊಟ್ಟರು. ಅಧಿಕಾರಿ ಮೊದಲ ಹಾಳೆ ತೆರೆದರು. ಎರಡನೆಯದು. ಹತ್ತನೆಯದು.

“ಎರಡು ವರ್ಷದಲ್ಲಿ ಒಬ್ಬರಿಗೂ ಏನೂ ಆಗಿಲ್ಲ?”

“ಇಲ್ಲ ಸಾರ್” ಎಂದರು ಗುಮಾಸ್ತರು. “ನಾನೇನೂ ಕಮ್ಮಿ ಕಾದಿಲ್ಲ” ಎಂದೂ ಸೇರಿಸಿದರು.

ಅಧಿಕಾರಿ ಮೇಜಿನ ಮೇಲೆ ವರದಿಯ ಹಾಳೆ ಹರಡಿ, ‘ಸದರಿ ಕೊಠಡಿಯಲ್ಲಿ ಇದುವರೆಗೆ ಯಾರಿಗೂ’ ಎಂದು ಬರೆದರು. ಬರೆದು, ಪುಸ್ತಕದ ಕೊನೆಯಲ್ಲಾದರೂ ಏನಾದರೂ ಇದೆಯೇ ಎಂದು ಹೆಬ್ಬೆರಳಿನಿಂದ ಹಾಳೆಗಳನ್ನು ಕೊನೆಯಿಂದ ಮೊದಲಿನವರೆಗೆ ಸರ್ರನೆ ಬಿಟ್ಟರು. ಎರಡು ವರ್ಷ ಯಾರ ಕೈಯೂ ತಾಗದ ಹಾಳೆಗಳು. ಒಂದೊಂದು ಅಂಚೂ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು.

“ಅಯ್ಯಪ್ಪಾ!” ಎಂದರು ಅಧಿಕಾರಿ.

ಹೆಬ್ಬೆರಳಿನ ತುದಿಯಿಂದ ರಕ್ತ ಮೂಡಿ, ನೋಂದಣಿ ಪುಸ್ತಕದ ಮೊದಲನೆಯ ಸಾಲಿನ ಮೇಲೆ, ಸರಿಯಾಗಿ ‘ಗಾಯಾಳುವಿನ ಹೆಸರು’ ಎಂಬಲ್ಲಿ ಬಿತ್ತು.

ಈ ಸಲ ಬೀಗದ ಕೈ ಜೇಬಿನಲ್ಲೇ ಇತ್ತು. ಪೆಟ್ಟಿಗೆ ತೆರೆದು ಹತ್ತಿ ತೆಗೆಯುವಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ನರ್ಸಮ್ಮ, ಅವರ ಹಿಂದೆ ಹೆಂಡತಿ, ಅವಳ ಹಿಂದೆ ಸರಪಳಿ ಹಿಡಿದ ವಕೀಲರು, ಸರಪಳಿಯ ತುದಿಯಲ್ಲಿ ನಾಯಿ.

“ತಪ್ಪಿಸ್ಕೊಂಡು ಬಂದ್ರಾ?” ಎಂದು ಶುರುಮಾಡಿದ ನರ್ಸಮ್ಮ ಅಧಿಕಾರಿಯ ಬೆರಳು ಕಂಡು ನಿಂತರು. ಅಭ್ಯಾಸಬಲ. “ಮೊದಲು ನೀರಲ್ಲಿ ತೊಳೀರಿ ಅದನ್ನ” ಎಂದು ಅವರ ಮಣಿಕಟ್ಟು ಹಿಡಿದು ನಲ್ಲಿಯತ್ತ ಎಳೆದರು.

ಶಾಯಿ ಒಣಗದ ವರದಿಯನ್ನು ಅಧಿಕಾರಿ ರಕ್ತ ತಾಗದಂತೆ ಇನ್ನೊಂದು ಕೈಗೆ ಎತ್ತಿಕೊಂಡಿದ್ದರು. “ನೀರು ಬೇಡ!” ಎಂದು ಕಿರುಚಿದರು. “ನೀರು ಹತ್ರ ತರ್ಬೇಡಿ!”

ನರ್ಸಮ್ಮ ನಿಧಾನವಾಗಿ ಕೈ ಬಿಟ್ಟರು. ನಿಧಾನವಾಗಿ ತಿರುಗಿ ನಾಯಿಯನ್ನು ನೋಡಿದರು.

“ಇವರನ್ನೂ?” ಎಂದರು.

“ನನ್ನ ಕಕ್ಷಿದಾರ ಈ ಕಟ್ಟಡಕ್ಕೆ ಇದೀಗ ಕಾಲಿಟ್ಟಿದ್ದಾನೆ!” ಎಂದರು ವಕೀಲರು. “ಸಮಯ ಗುರುತು ಹಾಕ್ಕೊಳ್ಳಿ!”

ಕಕ್ಷಿದಾರ ತನ್ನ ಹೆಸರು ಬಂದದ್ದು ತಿಳಿದವನಂತೆ ಎದ್ದ. ಮುಂದೆ ಬಂದು, ಅಧಿಕಾರಿಯ ಇಳಿಬಿದ್ದ ಹೆಬ್ಬೆರಳನ್ನು ಮೂಸಿ, ರಕ್ತವಿದ್ದ ಜಾಗವನ್ನು ಬಲು ಸಮಾಧಾನದಿಂದ ಒಂದು ಸಲ ನೆಕ್ಕಿದ.

ಮ್ಯಾನೇಜರು ಮಂಚ ಹತ್ತಿದರು.

“ಈಗ ಆಯ್ತು ನೋಡಿ” ಎಂದರು ನರ್ಸಮ್ಮ. “ತೆರೆದ ಗಾಯ. ನಾಯಿ ಎಂಜಲು. ಈ ವರ್ಷದ ಚುಚ್ಚುಮದ್ದಿನ ಚೀಟಿ ಇಲ್ಲ.”

“ನೀರು!” ಎಂದರು ಅಧಿಕಾರಿ. “ನೀರು ತನ್ನಿ! ಸೋಪು! ಯಾರ್ರೀ ಇಲ್ಲಿ ಪ್ರಥಮ ಚಿಕಿತ್ಸೆ?”

“ನಾನು ಸಾರ್” ಎಂದರು ಗುಮಾಸ್ತರು.

ಮುಂದಿನ ಅರ್ಧ ಗಂಟೆ ಗುಮಾಸ್ತರ ಜೀವನದಲ್ಲಿ ಬೇರೆ ಬಗೆಯದು. ನಲ್ಲಿ ತಿರುಗಿಸಿದರು. ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದರು. ಹೇಗೆ ತೊಳೆಯಬೇಕೆಂದು ಹಿಂದಿನ ಸಂಜೆಯಷ್ಟೇ ಕಲಿತಿದ್ದರು. ಶುದ್ಧ ಬಟ್ಟೆ ಇಟ್ಟು ಅದುಮಿದರು. ಅಧಿಕಾರಿಯ ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದರು. ವರದಿ ನಲ್ಲಿಯ ಕೆಳಗೆ ಬಿದ್ದು ನೀಲಿ ನೀರಾಗಿ ಹರಿದುಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ. ಅದರ ಮೇಲೆ ಸಡಿಲವಾಗಿ ಒಂದು ಸುತ್ತು ಪಟ್ಟಿ. ನರ್ಸಮ್ಮ ಪಕ್ಕದಲ್ಲಿ ಕೈ ಕಟ್ಟಿ ನಿಂತು ನೋಡಿದರು. ಒಂದು ಮಾತೂ ಆಡಲಿಲ್ಲ. ಅವರನ್ನು ಬಲ್ಲವರಿಗೆ ಅದೇ ಬಿರುದು.

ಅಷ್ಟರಲ್ಲಿ ಹೆಂಡತಿ ಮೇಜಿನ ಮೇಲಿದ್ದ ಪುಸ್ತಕವನ್ನು ತಿರುವಿ ಹಾಕಿದ್ದಳು. ಮೊದಲಿನಿಂದ ಕೊನೆಯವರೆಗೆ ನೋಡಿದಳು. ಗಂಡನ ಮುಖ ನೋಡಿದಳು.

“ದಿನಕ್ಕೆ ಮೂರು-ನಾಲ್ಕು” ಎಂದಳು, ಅವರಿಗೆ ಮಾತ್ರ ಕೇಳುವ ಹಾಗೆ.

ಗುಮಾಸ್ತರು ತಲೆ ತಗ್ಗಿಸಿದರು. “ಅದು ಡಬ್ಬದ ಮುಚ್ಚಳ ಕಣೇ. ನಾಯಿ ಅಲ್ಲ. ಹಾಗೇ ಇಟ್ಕೊಂಡು ಬಂದಿದ್ರೆ ಏಳನೇ ಕಲಮಲ್ಲಿ...”

“ಏಳನೇ ಕಲಮಂತೆ! ನಿಮ್ಮ ಕಾಲು ಹಿಡ್ಸೋಕೆ ನಾನು ವಕೀಲರನ್ನ ಕರೆಸಿದ್ನಲ್ರೀ!” ಎಂದಳು. ಆಮೇಲೆ ಪೆನ್ನನ್ನು ಅವರ ಕೈಗಿಟ್ಟಳು. ಪುಸ್ತಕವನ್ನು ಅಧಿಕಾರಿಯ ಕಡೆ ತಿರುಗಿಸಿ, ಗಟ್ಟಿಯಾಗಿ, “ಹೆಸರು ಹೇಳಿ ಸಾರ್. ಇವರು ಬರ್ಕೋಬೇಕಂತೆ” ಎಂದಳು.

ಅಧಿಕಾರಿ ಹೆಸರು ಹೇಳಿದರು. ಕೊನೆಯ ಕಾಲಮಿನಲ್ಲಿ ಎಡಗೈಯಿಂದ ಸಹಿಯನ್ನೂ ಹಾಕಿದರು. ಹಾಕಿದ ಮೇಲೆ, ಇದೇ ಕೊಠಡಿಯಲ್ಲಿ ಯಾರಿಗೂ ಏನೂ ಆಗಿಲ್ಲವೆಂದು ತಾವು ಇನ್ನು ಬರೆಯುವಂತಿಲ್ಲ ಎಂಬುದು ಅವರಿಗೆ ಹೊಳೆಯಿತು. ಮ್ಯಾನೇಜರಿಗೆ ಮಂಚದ ಮೇಲಿನಿಂದಲೇ ಹೊಳೆಯಿತು.

“ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಸೂಜಿ” ಎಂದರು ನರ್ಸಮ್ಮ. “ನಾಯಿನ ಹತ್ತು ದಿನ ಒಂದು ಕಡೆ ಇಟ್ಟು ನೋಡ್ಬೇಕು. ಹತ್ತು ದಿನ ನೆಟ್ಟಗಿದ್ರೆ ಭಯವಿಲ್ಲ. ನಮ್ಮ ಕಟ್ಟಡದಲ್ಲಿ ಬೇಡ.”

“ನನ್ನ ಕಕ್ಷಿದಾರನನ್ನು ದೂರು ಕೊಟ್ಟವರ ಮನೆ ಹತ್ತಿರ ನಾನೂ ಬಿಡಲ್ಲ” ಎಂದರು ವಕೀಲರು. “ತಟಸ್ಥ ಜಾಗ ಬೇಕು. ಗಾಳಿ ಬೆಳಕು ಇರಬೇಕು.”

ಅಧಿಕಾರಿ ಎತ್ತಿ ಹಿಡಿದ ಕೈಯನ್ನು ಇಳಿಸದೆಯೇ ಸುತ್ತ ನೋಡಿದರು. ಮಂಚವಿತ್ತು. ನಲ್ಲಿಯಿತ್ತು. ಕಿಟಕಿಯಿತ್ತು.

“ಇಲ್ಲೇ ಇರಲಿ” ಎಂದರು. “ದಿನಾ ಪುಸ್ತಕದಲ್ಲಿ ಬರೀರಿ. ನನಗೆ ವರದಿ ಬರ್ಬೇಕು. ಆ ಮಿಷನ್ ತೆಗೀರಿ ಬಾಗಿಲಿಂದ, ಗಾಳಿಗೆ ಅಡ್ಡ.”

ಜೆರಾಕ್ಸ್ ಮಿಷನ್ನು ಎರಡು ಕಪಾಟಿನ ಸಂದಿಗೆ, ನಿಂತ ಫ್ಯಾನಿನ ಕೆಳಗೆ ಹೋಯಿತು.

ಅಂದಿನಿಂದ ಪುಸ್ತಕ ತುಂಬತೊಡಗಿತು. ಗುಮಾಸ್ತರ ಅಕ್ಷರ ದುಂಡಗೆ. ‘ಬೆಳಿಗ್ಗೆ 10: ನೀರು ಕುಡಿಯಿತು. 12: ನೀರು ಕುಡಿಯಿತು. 3: ನಿದ್ರೆ. ಎಬ್ಬಿಸಿ ನೀರು ತೋರಿಸಲಾಗಿ, ಕುಡಿಯಿತು.’ ಮಂಚ ನಾಯಿಯ ಪಾಲಾಗಿತ್ತು. ಗುಮಾಸ್ತರು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ಟೈಪಿಸ್ಟಮ್ಮ ಬಿಸ್ಕತ್ತು ತಂದಳು. ಬೈಂಡರ್ ಸಿಟ್ಟು ಬಿಟ್ಟು ಬಂದು, ನಾಯಿಯ ಕಿವಿ ತುರಿಸಿ, ಹೋಗುವಾಗ “ಹೇಗಿದ್ದಾರೆ ನಿಮ್ಮ ಪೇಷಂಟು, ಡಾಕ್ಟ್ರೇ?” ಎಂದ. ‘ಅರೆ’ ಎನ್ನಲಿಲ್ಲ. ಮನೆಯಲ್ಲಿ ಹೆಂಡತಿ “ಇವತ್ತು ಎಷ್ಟು ಕೇಸು?” ಎಂದು ಕೇಳಿದರೆ ಗುಮಾಸ್ತರು “ಒಂದು” ಎನ್ನುತ್ತಿದ್ದರು. ಆಕೆ ನಗುತ್ತಿರಲಿಲ್ಲ. ನಗದೆ ಇರುವುದಕ್ಕೆ ಬಹಳ ಕಷ್ಟಪಡುತ್ತಿದ್ದಳು.

ಹನ್ನೊಂದನೆಯ ದಿನ ವಕೀಲರು ಸರಪಳಿ ಹಿಡಿದು ಬಂದರು. ಅಧಿಕಾರಿ ಸುಖವಾಗಿದ್ದರು. ನಾಯಿ ಎರಡು ಸೇರು ದಪ್ಪವಾಗಿತ್ತು.

“ಅವಧಿ ಮುಗೀತು. ನನ್ನ ಕಕ್ಷಿದಾರನನ್ನು ಬಿಡುಗಡೆ ಮಾಡಿ.”

ಗುಮಾಸ್ತರು ಪುಸ್ತಕ ನೋಡಿದರು. ಮುಂದಿನ ಹಾಳೆ ಬೆಳ್ಳಗೆ ಖಾಲಿಯಿತ್ತು. ಹೊರಗೆ ಕಪಾಟಿನ ಸಂದಿಯಲ್ಲಿ ಮಿಷನ್ನು ಬಿಸಿಯಾಗಿ ಗುರುಗುಡುತ್ತಿತ್ತು. ನಾಯಿ ಮಂಚದ ಮೇಲೆ ಕಿಟಕಿಯ ಗಾಳಿಗೆ ಮುಖವೊಡ್ಡಿ, ಬಟ್ಟಲಿನ ನೀರನ್ನೆಲ್ಲ ಮುಗಿಸಿ ಮಲಗಿತ್ತು. ಗುಮಾಸ್ತರು ಬಟ್ಟಲನ್ನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಗೆ ತಳ್ಳಿದರು.

“ನಾನು ಬೇಡ ಅಂತಿಲ್ಲ ವಕೀಲರೇ” ಎಂದರು, “ಇನ್ನೆರಡು ದಿನ ಇರಲಿ, ನೋಡೋಣ. ಇವತ್ತು ಯಾಕೋ ನೀರು ಸ್ವಲ್ಪ ಕಮ್ಮಿ ಕುಡೀತು.”